ಟಿಳಕವಾಡಿಯ ಮನೆಯ ಕಂಪ್ಯೂಟರಿಗೆ ಯಾವ ಕಾವಲು?

ಬೆಳಗಾವಿಯ ಟಿಳಕವಾಡಿಯಲ್ಲಿ ಒಂದೇ ಕಂಪ್ಯೂಟರ್ ಮನೆಮಂದಿಯೆಲ್ಲರ ಕೆಲಸಕ್ಕೂ ಒದಗುವುದು ಸಾಮಾನ್ಯ. ಹಗಲಿನಲ್ಲಿ ಉದ್ಯಮಬಾಗದ ಸಣ್ಣ ಕಾರ್ಖಾನೆಯೊಂದರ ಟ್ಯಾಲಿ ಲೆಕ್ಕಗಳನ್ನೂ ಜಿಎಸ್‌ಟಿ ವಿವರಗಳನ್ನೂ ಹೊತ್ತ ಯಂತ್ರವೇ ಸಂಜೆ ಕಾಲೇಜು ಮಕ್ಕಳ ಪ್ರಾಜೆಕ್ಟ್ ವರದಿಗೆ, ರಾತ್ರಿ ಸಿನಿಮಾ ಮತ್ತು ಆಟಗಳಿಗೆ, ತಿಂಗಳ ಮೊದಲ ವಾರದಲ್ಲಿ ಹಿರಿಯರ ಪಿಂಚಣಿ ಖಾತೆಯನ್ನು ನೋಡುವುದಕ್ಕೆ ಬಳಕೆಯಾಗುತ್ತದೆ. ಇಂಥ ಯಂತ್ರಕ್ಕೆ ರಕ್ಷಣೆಯ ತಂತ್ರಾಂಶ ಕೊಳ್ಳಲು ಹೋದವರು ಅಂಗಡಿಯಲ್ಲಿ ಕೇಳುವ ಪ್ರಶ್ನೆ ಬಹುತೇಕ ಒಂದೇ, ‘ಯಾವ ಕಂಪನಿಯ ಆಂಟಿವೈರಸ್ ಒಳ್ಳೆಯದು?’ ಎಂಬುದು. ಆದರೆ ಕಂಪನಿಯ ಹೆಸರಿಗಿಂತ ಮೊದಲು ತೀರ್ಮಾನವಾಗಬೇಕಾದ ಸಂಗತಿಗಳು ಬೇರೆ ಇವೆ: ಯಂತ್ರವನ್ನು ಯಾರು ಯಾರು ಬಳಸುತ್ತಾರೆ, ಅದರಲ್ಲಿರುವ ವಿಂಡೋಸ್ ಅಸಲಿಯೋ ನಕಲಿಯೋ, ಇಂಟರ್ನೆಟ್ ಸದಾ ಇರುತ್ತದೆಯೋ ಆಗಾಗ ಮಾತ್ರ ಬರುತ್ತದೆಯೋ, ಮತ್ತು ಕಳೆದುಹೋದರೆ ಮರಳಿ ಪಡೆಯಲಾಗದ ಕಡತಗಳು ಯಾವುವು. ಇವುಗಳ ಉತ್ತರ ಸ್ಪಷ್ಟವಾಗಿರುವ ಮನೆಯಲ್ಲಿ ತಂತ್ರಾಂಶದ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗಿಬಿಡುತ್ತದೆ.

ಕಂಪ್ಯೂಟರಿಗೆ ಅಥವಾ ಅದರ ಒಡೆಯನಿಗೆ ಕೇಡು ಮಾಡಲೆಂದೇ ಬರೆದ ತಂತ್ರಾಂಶಗಳಿಗೆಲ್ಲ ಒಟ್ಟಾಗಿ ಮಾಲ್‌ವೇರ್ ಅಥವಾ ಕುತಂತ್ರಾಂಶ ಎಂದು ಹೆಸರು. ರೂಢಿಯಲ್ಲಿ ಎಲ್ಲವನ್ನೂ ವೈರಸ್ ಎಂದು ಕರೆದರೂ ವೈರಸ್ ಎಂಬುದು ಅದರಲ್ಲೊಂದು ಬಗೆ ಮಾತ್ರ. ಬೇರೊಂದು ಕಡತಕ್ಕೆ ಅಂಟಿಕೊಂಡು, ಆ ಕಡತ ತೆರೆದಾಗಲೆಲ್ಲ ತನ್ನ ಪ್ರತಿಗಳನ್ನು ಮಾಡಿಕೊಳ್ಳುವುದು ವೈರಸ್. ಯಾರೂ ಏನನ್ನೂ ತೆರೆಯದಿದ್ದರೂ ಜಾಲದ ಮೂಲಕ ಯಂತ್ರದಿಂದ ಯಂತ್ರಕ್ಕೆ ತಾನೇ ಹರಿದು ಹೋಗುವುದು ವರ್ಮ್. ಉಪಯುಕ್ತ ತಂತ್ರಾಂಶದ ವೇಷದಲ್ಲಿ ಬಂದು ಒಳಗಿನಿಂದ ಬಾಗಿಲು ತೆಗೆಯುವುದು ಟ್ರೋಜನ್. ಮನೆಯ ಬಳಕೆದಾರರಿಗೆ ಇಂದು ಹೆಚ್ಚು ಹಾನಿ ಮಾಡುತ್ತಿರುವವು ಇನ್ನೆರಡು ಬಗೆಯವು. ಒಂದು, ಕಡತಗಳನ್ನೆಲ್ಲ ಗೂಢಲಿಪಿಗೆ ಬದಲಾಯಿಸಿ ಬಿಡುಗಡೆಗೆ ಹಣ ಕೇಳುವ ರ್‍ಯಾನ್ಸಮ್‌ವೇರ್. ಇನ್ನೊಂದು, ಸದ್ದಿಲ್ಲದೆ ಬಂದು ಬ್ರೌಸರ್ ನೆನಪಿಟ್ಟುಕೊಂಡಿರುವ ಪಾಸ್‌ವರ್ಡ್‌ಗಳನ್ನೂ ಲಾಗಿನ್ ಗುರುತುಗಳನ್ನೂ ದೋಚಿ ಕೆಲವೇ ನಿಮಿಷಗಳಲ್ಲಿ ಹೊರಟುಹೋಗುವ ಇನ್ಫೋಸ್ಟೀಲರ್. ಇದು ಯಂತ್ರವನ್ನು ನಿಧಾನಗೊಳಿಸುವುದಿಲ್ಲ, ಪರದೆಯ ಮೇಲೆ ಏನನ್ನೂ ತೋರಿಸುವುದಿಲ್ಲ. ಆದ್ದರಿಂದ ‘ಸಿಸ್ಟಂ ಸ್ಲೋ ಆಗಿಲ್ಲ, ಅಂದರೆ ವೈರಸ್ ಇಲ್ಲ’ ಎಂಬ ಹಳೆಯ ಲೆಕ್ಕ ಇದರ ಮುಂದೆ ನಡೆಯುವುದಿಲ್ಲ.

ಆಂಟಿವೈರಸ್ ಕೆಲಸ ಮಾಡುವ ಮೂಲ ಕ್ರಮವನ್ನು ತಿಳಿಯಲು ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಚರಿತ್ರೆಯೇ ನೆರವಾಗುತ್ತದೆ. ಇಂದು ಮರಗಳ ನೆರಳಿಗಾಗಿ, ವಾಯುವಿಹಾರಕ್ಕಾಗಿ ಜನ ಬಲ್ಲ ಈ ಆವರಣದಲ್ಲಿ ಬ್ರಿಟಿಷರ ಕಾಲದಲ್ಲಿ ಸಿಡುಬಿನ ಲಸಿಕೆಯ ಸಂಸ್ಥೆ ಬೆಳೆಯಿತು; ಸ್ವಾತಂತ್ರ್ಯಾನಂತರ ಸಿಡುಬು ನಿರ್ಮೂಲನ ಕಾರ್ಯಕ್ರಮಕ್ಕೆ ಭಾರತದಲ್ಲಿ ಒಣಗಿಸಿದ ಲಸಿಕೆಯನ್ನು ತಯಾರಿಸಿದ ಕೇಂದ್ರಗಳು ಪಟ್ವಾಡಾಂಗರ್, ಹೈದರಾಬಾದ್, ಮದರಾಸಿನ ಗಿಂಡಿ ಮತ್ತು ಬೆಳಗಾವಿ ಎಂಬ ನಾಲ್ಕು. ಲಸಿಕೆಯು ದೇಹಕ್ಕೆ ರೋಗಾಣುವಿನ ಚಹರೆಯನ್ನು ಮುಂಚಿತವಾಗಿ ಪರಿಚಯಿಸುವಂತೆ, ಆಂಟಿವೈರಸ್ ಕೂಡ ಈಗಾಗಲೇ ಸಿಕ್ಕಿಬಿದ್ದ ಕುತಂತ್ರಾಂಶಗಳ ಚಹರೆಗಳನ್ನು, ಅಂದರೆ ಸಿಗ್ನೇಚರ್‌ಗಳನ್ನು, ಒಂದು ಪಟ್ಟಿಯಲ್ಲಿ ಇಟ್ಟುಕೊಂಡು ಪ್ರತಿ ಕಡತವನ್ನೂ ಅದಕ್ಕೆ ಹೋಲಿಸಿ ನೋಡುತ್ತದೆ. ಆದರೆ ಸಿಡುಬಿನ ವೈರಾಣು ಹೆಚ್ಚು ರೂಪ ಬದಲಿಸದ ಕಾರಣ ಒಂದೇ ಬಗೆಯ ಲಸಿಕೆಯಿಂದ ಅದನ್ನು ಭೂಮಿಯಿಂದಲೇ ಅಳಿಸಲು ಸಾಧ್ಯವಾಗಿ, 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಅಂತ್ಯವನ್ನು ಸಾರಿತು. ಕುತಂತ್ರಾಂಶವಾದರೋ ಬರೆದವರ ಕೈಯಲ್ಲಿ ದಿನಕ್ಕೆ ಹಲವು ಸಲ ರೂಪ ಬದಲಿಸುತ್ತದೆ. ಹೀಗಾಗಿ ಚಹರೆಯ ಪಟ್ಟಿ ನಿನ್ನೆಯದಾದರೆ ಇಂದಿನ ದಾಳಿಗೆ ಅದು ಸಾಲದು. ಈ ಕೊರತೆಯನ್ನು ತುಂಬಲು ಈಗಿನ ತಂತ್ರಾಂಶಗಳು ಇನ್ನೆರಡು ವಿಧಾನಗಳನ್ನು ಸೇರಿಸಿಕೊಂಡಿವೆ. ಕಾರ್ಯಕ್ರಮವೊಂದು ನಡೆಯುವಾಗ ಅದರ ವರ್ತನೆಯನ್ನು ಗಮನಿಸಿ, ನೂರಾರು ಕಡತಗಳನ್ನು ಒಮ್ಮೆಗೇ ಗೂಢಲಿಪಿಗೆ ತಿರುಗಿಸಲು ಹೊರಟರೆ ತಡೆಯುವುದು ಒಂದು. ಅಪರಿಚಿತ ಕಡತ ಎದುರಾದಾಗ ಕಂಪನಿಯ ದೂರದ ಸರ್ವರನ್ನು ಇಂಟರ್ನೆಟ್ ಮೂಲಕ ಆ ಕ್ಷಣವೇ ವಿಚಾರಿಸುವುದು ಇನ್ನೊಂದು. ಎರಡನೆಯದಕ್ಕೆ ಕ್ಲೌಡ್ ರಕ್ಷಣೆ ಎಂದು ಹೆಸರು, ಮತ್ತು ಬೆಳಗಾವಿ, ಖಾನಾಪುರಗಳ ಮಟ್ಟಿಗೆ ಆಯ್ಕೆಯ ಗಂಟು ಇರುವುದೇ ಇಲ್ಲಿ.

ಈ ಭಾಗದ ಅಂಗಡಿಗಳಲ್ಲಿ ಯಾವ ಹೆಸರುಗಳು ಹೆಚ್ಚು ಕೇಳಿಬರುತ್ತವೆ ಎಂಬುದಕ್ಕೂ ಭೂಗೋಳಕ್ಕೂ ನಂಟಿದೆ. ಐಬಿಎಂ ಮಾದರಿಯ ಪಿಸಿಗಳಿಗೆ ತಗುಲಿದ ಮೊದಲ ವೈರಸ್ ಎನ್ನಲಾಗುವ ‘ಬ್ರೇನ್’ 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸೋದರರಿಂದ ಹುಟ್ಟಿ ಫ್ಲಾಪಿಗಳ ಮೂಲಕ ಹರಡಿತು. ಆ ದಶಕದ ಕೊನೆಯ ಹೊತ್ತಿಗೆ ಆಂಟಿವೈರಸ್ ಒಂದು ವ್ಯಾಪಾರವಾಗಿ ಬೆಳೆಯಿತು. ಭಾರತದಲ್ಲಿ 1991ರಲ್ಲಿ ಚೆನ್ನೈಯಲ್ಲಿ ಕೆ7 ಕಂಪ್ಯೂಟಿಂಗ್ ಹುಟ್ಟಿತು. ಪುಣೆಯಲ್ಲಿ ಕ್ಯಾಲ್ಕ್ಯುಲೇಟರ್ ದುರಸ್ತಿಯಿಂದ ವೃತ್ತಿ ಆರಂಭಿಸಿದ ಸಾತಾರಾ ಜಿಲ್ಲೆಯ ಕೈಲಾಶ್ ಕಾಟಕರ್, ಕಂಪ್ಯೂಟರ್ ಓದುತ್ತಿದ್ದ ತಮ್ಮ ಸಂಜಯ್ ಬರೆದ ವೈರಸ್ ನಿವಾರಕವನ್ನು 1990ರ ದಶಕದ ಮಧ್ಯದಲ್ಲಿ ‘ಕ್ವಿಕ್ ಹೀಲ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಅದೇ ಹೆಸರಿನ ಕಂಪನಿ 2016ರಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು. ನೆಟ್ ಪ್ರೊಟೆಕ್ಟರ್ ಕೂಡ ಪುಣೆಯದೇ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಬೆಳಗಾವಿಗೆ ಬಿಡಿಭಾಗಗಳಂತೆ ತಂತ್ರಾಂಶದ ಪೆಟ್ಟಿಗೆಗಳೂ ಪುಣೆಯ ಕಡೆಯಿಂದ ಸುಲಭವಾಗಿ ಇಳಿದವು. ಪೆಟ್ಟಿಗೆ ಮಾರಿದ ಅಂಗಡಿಯವರೇ ಮನೆಗೆ ಬಂದು ಅನುಸ್ಥಾಪಿಸಿ, ಕೀ ಹಾಕಿಕೊಟ್ಟು, ತೊಂದರೆಯಾದಾಗ ಫೋನಿಗೆ ಸಿಗುವ ವ್ಯವಸ್ಥೆ ಹೀಗೆ ಬೆಳೆಯಿತು. ಕಂಪ್ಯೂಟರಿನ ಭಾಷೆ ಗೊತ್ತಿಲ್ಲದ ಹಿರಿಯರಿಗೆ ಈ ಮನುಷ್ಯ ಸಂಪರ್ಕದ ಬೆಲೆ ದೊಡ್ಡದು; ಅದನ್ನು ಹಿಂದುಳಿದ ವ್ಯಾಪಾರವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದರೂ ಪೆಟ್ಟಿಗೆ ಕೊಳ್ಳಲೇಬೇಕಾದ ಕಾಲ ಬಹುಮಂದಿಯ ಪಾಲಿಗೆ ಮುಗಿದಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಪೂರ್ಣ ಪ್ರಮಾಣದ ಆಂಟಿವೈರಸ್ ವಿಂಡೋಸ್‌ನ ಒಳಗೇ ಬರುತ್ತದೆ; ಮೊದಲು ವಿಂಡೋಸ್ ಡಿಫೆಂಡರ್ ಎಂದಿದ್ದ ಅದರ ಈಗಿನ ಹೆಸರು ಮೈಕ್ರೋಸಾಫ್ಟ್ ಡಿಫೆಂಡರ್ ಆಂಟಿವೈರಸ್. ಅದಕ್ಕೆ ಪ್ರತ್ಯೇಕ ಹಣವಿಲ್ಲ, ವರ್ಷದ ನವೀಕರಣವಿಲ್ಲ, ಕೀ ಮುಗಿಯುವ ಭಯವಿಲ್ಲ. ಆರಂಭದ ವರ್ಷಗಳಲ್ಲಿ ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿದ್ದ ಅದು ಕಳೆದ ಹಲವು ವರ್ಷಗಳಿಂದ ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳ ಸಾಲಿನಲ್ಲೇ ನಿಲ್ಲುತ್ತಿದೆ. ಇಲ್ಲಿ ಪರೀಕ್ಷೆ ಎಂದರೆ ತಯಾರಕರ ಸ್ವಂತ ಜಾಹೀರಾತಲ್ಲ. ಜರ್ಮನಿಯ ಮಾಗ್ಡೆಬರ್ಗ್‌ನ ಎವಿ-ಟೆಸ್ಟ್, ಆಸ್ಟ್ರಿಯದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರೇಟಿವ್ಸ್‌ನಂಥ ಸ್ವತಂತ್ರ ಪ್ರಯೋಗಾಲಯಗಳು ನಿಯತವಾಗಿ ನಡೆಸಿ ಉಚಿತವಾಗಿ ಪ್ರಕಟಿಸುವ ಫಲಿತಾಂಶ. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆಯ ಸೌಕರ್ಯ ಈ ಮೂರಕ್ಕೆ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ಓದುಗರು ಅಂಕಗಳಲ್ಲಿ ಅರ್ಧ ಅಂಕದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದು ತಂತ್ರಾಂಶ ಸತತವಾಗಿ ಎರಡು ಮೂರು ವರ್ಷ ಮೇಲಿನ ಸಾಲಿನಲ್ಲಿದೆಯೇ, ಒಳ್ಳೆಯ ಕಡತಗಳನ್ನು ಕೆಟ್ಟವೆಂದು ತಪ್ಪಾಗಿ ಹಿಡಿಯುವುದು ಕಡಿಮೆಯೇ, ಹಳೆಯ ಯಂತ್ರವನ್ನು ಹೆಚ್ಚು ಬಳಲಿಸುತ್ತದೆಯೇ ಎಂಬುದನ್ನು ನೋಡಿದರೆ ಸಾಕು.

ಅಸಲಿ ವಿಂಡೋಸ್, ಮನೆಗೆ ಫೈಬರ್ ಸಂಪರ್ಕ, ಎಚ್ಚರದ ಬಳಕೆದಾರರು ಇರುವ ಟಿಳಕವಾಡಿಯ ಮನೆಗೆ ಡಿಫೆಂಡರ್ ಸಾಕು ಎಂಬುದೇ ಈ ಲೇಖನದ ಅಭಿಪ್ರಾಯ. ಆದರೆ ಅದನ್ನು ಬಂದ ಹಾಗೆಯೇ ಬಿಡಬಾರದು. ವಿಂಡೋಸ್ ಸೆಕ್ಯುರಿಟಿ ಎಂಬ ಪುಟದಲ್ಲಿ ಕ್ಲೌಡ್ ರಕ್ಷಣೆ ಚಾಲೂ ಇದೆಯೇ, ಬೇರೆ ಕಾರ್ಯಕ್ರಮಗಳು ಡಿಫೆಂಡರನ್ನು ಆಫ್ ಮಾಡದಂತೆ ತಡೆಯುವ ಟ್ಯಾಂಪರ್ ಪ್ರೊಟೆಕ್ಷನ್ ಚಾಲೂ ಇದೆಯೇ ಎಂದು ನೋಡಬೇಕು. ಅಲ್ಲೇ ರ್‍ಯಾನ್ಸಮ್‌ವೇರ್ ವಿಭಾಗದಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂಬ ಸೌಲಭ್ಯವಿದೆ. ಒಪ್ಪಿಗೆಯಿಲ್ಲದ ಕಾರ್ಯಕ್ರಮಗಳು ಆಯ್ದ ಫೋಲ್ಡರ್‌ಗಳ ಕಡತಗಳನ್ನು ತಿದ್ದದಂತೆ ಅದು ತಡೆಯುತ್ತದೆ. 2017ರಲ್ಲಿ ವಿಂಡೋಸ್ 10ಕ್ಕೆ ಸೇರಿದ ಈ ಸೌಲಭ್ಯ ತಾನಾಗಿ ಚಾಲೂ ಆಗಿರುವುದಿಲ್ಲ, ಮನೆಯವರೇ ಹಾಕಿಕೊಳ್ಳಬೇಕು. ಟ್ಯಾಲಿಯ ದತ್ತಾಂಶವಿರುವ ಫೋಲ್ಡರನ್ನು ಅದರಲ್ಲಿ ಸೇರಿಸಿ, ಟ್ಯಾಲಿಗೆ ಮಾತ್ರ ಅನುಮತಿ ಕೊಟ್ಟರೆ ಲೆಕ್ಕಪತ್ರಗಳಿಗೆ ಒಂದು ಗಟ್ಟಿ ಬೇಲಿ ಬೀಳುತ್ತದೆ. ಮಕ್ಕಳಿಗೆ ಬೇರೆ ಖಾತೆ ತೆರೆದು, ಹೊಸ ತಂತ್ರಾಂಶ ಹಾಕುವ ಅಧಿಕಾರವಿಲ್ಲದ ಸಾಮಾನ್ಯ ಬಳಕೆದಾರರನ್ನಾಗಿ ಇಡುವುದೂ ಹಣ ಖರ್ಚಿಲ್ಲದ ರಕ್ಷಣೆಯೇ.

ಖಾನಾಪುರದ ಕಡೆಯ ಲೆಕ್ಕ ಬೇರೆ. ತಾಲ್ಲೂಕಿನ ಪಶ್ಚಿಮದ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ ಮತ್ತು ಕಾಡಿನಂಚಿನ ಹಳ್ಳಿಗಳಲ್ಲಿ ಮಳೆಗಾಲ ಹಿಡಿದರೆ ವಿದ್ಯುತ್ತೂ ಮೊಬೈಲ್ ಸಂಕೇತವೂ ಆಗಾಗ ಕೈಕೊಡುತ್ತವೆ. ಅಲ್ಲಿಂದ ಓದಲು, ದುಡಿಯಲು ಬಂದು ಟಿಳಕವಾಡಿಯಲ್ಲಿ ಉಳಿದವರು ರಜೆಗೆ ಊರಿಗೆ ಹೋಗುವಾಗ ಲ್ಯಾಪ್‌ಟಾಪನ್ನು ಒಯ್ಯುತ್ತಾರೆ. ಊರಿನಲ್ಲೇ ಇರುವ ಕಂಪ್ಯೂಟರುಗಳು ಮೊಬೈಲಿನ ಹಾಟ್‌ಸ್ಪಾಟ್ ಸಿಕ್ಕಾಗ ಮಾತ್ರ ಹೊರಜಗತ್ತನ್ನು ಕಾಣುತ್ತವೆ. ಎವಿ-ಕಂಪ್ಯಾರೇಟಿವ್ಸ್ ತನ್ನ ಕುತಂತ್ರಾಂಶ ಪರೀಕ್ಷೆಯಲ್ಲಿ ಇಂಟರ್ನೆಟ್ ಇದ್ದಾಗಿನ ಪತ್ತೆಯ ಪ್ರಮಾಣವನ್ನೂ ಇಲ್ಲದಾಗಿನ ಪ್ರಮಾಣವನ್ನೂ ಬೇರೆ ಬೇರೆಯಾಗಿ ಕೊಡುತ್ತದೆ, ಮತ್ತು ಡಿಫೆಂಡರ್ ಕ್ಲೌಡನ್ನು ಹೆಚ್ಚಾಗಿ ನೆಚ್ಚಿಕೊಂಡಿರುವ ಕಾರಣ ಇಂಟರ್ನೆಟ್ ಇಲ್ಲದಾಗ ಅದರ ಪತ್ತೆಯ ಶಕ್ತಿ ಗಮನಾರ್ಹವಾಗಿ ಕುಗ್ಗುವುದು ಆ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಚಹರೆಯ ಪಟ್ಟಿಯನ್ನು ಯಂತ್ರದಲ್ಲೇ ದೊಡ್ಡದಾಗಿ ಇಟ್ಟುಕೊಳ್ಳುವ ಕೆಲವು ತಂತ್ರಾಂಶಗಳಿಗೆ ಈ ಕುಗ್ಗುವಿಕೆ ಕಡಿಮೆ. ಇಂಟರ್ನೆಟ್ ಅಪರೂಪವಾಗಿರುವ ಕಡೆ ದಾಳಿ ಬರುವುದು ಹೆಚ್ಚಾಗಿ ಪೆನ್ ಡ್ರೈವ್ ಮೂಲಕ. ಕಾಲೇಜುಗಳ ಸುತ್ತಲಿನ ಝೆರಾಕ್ಸ್ ಅಂಗಡಿಗಳಲ್ಲಿ ದಿನಕ್ಕೆ ಹತ್ತಾರು ಪೆನ್ ಡ್ರೈವ್‌ಗಳು ಒಂದೇ ಯಂತ್ರಕ್ಕೆ ಚುಚ್ಚಿಕೊಳ್ಳುವುದರಿಂದ, ಪ್ರಿಂಟಿಗೆಂದು ಕೊಟ್ಟದ್ದು ಶಾರ್ಟ್‌ಕಟ್ ವೈರಸ್ಸನ್ನು ಹೊತ್ತು ಮರಳುವ ಸಾಧ್ಯತೆ ಸದಾ ಇರುತ್ತದೆ. ಫೋಲ್ಡರ್‌ಗಳೆಲ್ಲ ಮಾಯವಾಗಿ ಅವುಗಳ ಹೆಸರಿನ ಶಾರ್ಟ್‌ಕಟ್‌ಗಳು ಮಾತ್ರ ಕಾಣುವುದು ಇದರ ಲಕ್ಷಣ. ಅದನ್ನು ಒತ್ತಿದರೆ ಫೋಲ್ಡರಿನ ಜೊತೆಗೆ ಕುತಂತ್ರಾಂಶವೂ ತೆರೆದುಕೊಳ್ಳುತ್ತದೆ. ಆದ್ದರಿಂದ ಹಳ್ಳಿಯ ಕಂಪ್ಯೂಟರಿಗೆ ತಂತ್ರಾಂಶ ಕೊಳ್ಳುವವರು ಎರಡನ್ನು ವಿಚಾರಿಸಬೇಕು: ಇಂಟರ್ನೆಟ್ ಇಲ್ಲದೆ ಅದು ಎಷ್ಟನ್ನು ಹಿಡಿಯುತ್ತದೆ, ಮತ್ತು ಚಹರೆಯ ಪಟ್ಟಿಯನ್ನು ಬೇರೊಂದು ಯಂತ್ರದಲ್ಲಿ ಇಳಿಸಿಕೊಂಡು ಪೆನ್ ಡ್ರೈವ್ ಮೂಲಕ ಹಾಕಲು ಬರುತ್ತದೆಯೇ. ಡಿಫೆಂಡರಿಗೂ ಇಂಥ ಪಟ್ಟಿಯನ್ನು ಮೈಕ್ರೋಸಾಫ್ಟ್ ಪ್ರತ್ಯೇಕವಾಗಿ ಕೊಡುತ್ತದೆ. ಪ್ರಿಂಟಿಗೆ ಹೋಗುವ ವಿದ್ಯಾರ್ಥಿಗಳು ಬೇರೆ ಏನೂ ಇಲ್ಲದ ಒಂದು ಪೆನ್ ಡ್ರೈವನ್ನು ಅದಕ್ಕೆಂದೇ ಇಟ್ಟುಕೊಳ್ಳುವುದು, ಇಲ್ಲವೇ ಪಿಡಿಎಫನ್ನು ಇಮೇಲ್ ಮೂಲಕ ಕಳಿಸುವುದು, ಯಾವ ತಂತ್ರಾಂಶಕ್ಕಿಂತಲೂ ಅಗ್ಗದ ಉಪಾಯ.

ಬೆಳಗಾವಿಯಲ್ಲಿ ಕುತಂತ್ರಾಂಶ ಒಳನುಗ್ಗಲು ಇನ್ನೂ ದೊಡ್ಡ ಬಾಗಿಲೊಂದಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವಾದ, ಎಂಜಿನಿಯರಿಂಗ್ ಕಾಲೇಜುಗಳೂ ಎರಕದ ಕಾರ್ಖಾನೆಗಳೂ ಇರುವ ನಗರದಲ್ಲಿ ವಿನ್ಯಾಸದ ದುಬಾರಿ ತಂತ್ರಾಂಶಗಳ ಅಗತ್ಯ ಸಹಜ. ಅವುಗಳ ಪರವಾನಗಿಯ ಬೀಗ ಮುರಿದ ಪ್ರತಿಗಳನ್ನು, ಅಂದರೆ ಕ್ರ್ಯಾಕ್‌ಗಳನ್ನು, ಹಂಚಿಕೊಳ್ಳುವ ಅಭ್ಯಾಸ ದೇಶದ ಎಲ್ಲ ಕಡೆಯಂತೆ ಇಲ್ಲೂ ಬೇರೂರಿದೆ. ‘ಫಾರ್ಮ್ಯಾಟ್ ಹೊಡೆದು’ ಕೊಡುವಾಗ ನಕಲಿ ಆ್ಯಕ್ಟಿವೇಟರಿನಿಂದ ವಿಂಡೋಸ್ ಚಾಲೂ ಮಾಡಿಕೊಡುವವರೂ ಇದ್ದಾರೆ. ಇಂಥ ಕ್ರ್ಯಾಕ್‌ಗಳ ಜೊತೆ ಬರುವ ಸೂಚನೆಯಲ್ಲಿ ಮೊದಲ ಸಾಲೇ ‘ಆಂಟಿವೈರಸ್ ಆಫ್ ಮಾಡಿ’ ಎಂದಿರುತ್ತದೆ. ಅಲ್ಲಿಗೆ ಸಾವಿರಾರು ರೂಪಾಯಿಯ ರಕ್ಷಣೆಯನ್ನು ಮನೆಯವರೇ ತಮ್ಮ ಕೈಯಾರೆ ತೆಗೆದುಹಾಕಿದಂತಾಗುತ್ತದೆ. ಮನೆಯ ಕಂಪ್ಯೂಟರುಗಳನ್ನೇ ಗುರಿಯಾಗಿಸಿದ ‘ಸ್ಟಾಪ್’ ಅಥವಾ ‘ಡಿಜೆವಿಯು’ ಎಂಬ ರ್‍ಯಾನ್ಸಮ್‌ವೇರ್ ಕುಟುಂಬ ಜಗತ್ತಿನಾದ್ಯಂತ ಹರಡಿದ್ದು ಮುಖ್ಯವಾಗಿ ಇಂಥ ಕ್ರ್ಯಾಕ್‌ಗಳ ಬೆನ್ನೇರಿಯೇ. ಒಂದು ರೇಖಾಚಿತ್ರಕ್ಕಾಗಿ ಹಾಕಿದ ಕ್ರ್ಯಾಕ್, ಮಗಳ ಪ್ರಾಜೆಕ್ಟನ್ನೂ ಅಪ್ಪನ ಲೆಕ್ಕವನ್ನೂ ಮದುವೆಯ ಫೋಟೋಗಳನ್ನೂ ಒಟ್ಟಿಗೆ ಕಸಿದುಕೊಳ್ಳಬಲ್ಲದು. ವಿನ್ಯಾಸ ತಂತ್ರಾಂಶಗಳ ಹಲವು ತಯಾರಕರು ವಿದ್ಯಾರ್ಥಿಗಳಿಗೆ ಉಚಿತ ಪರವಾನಗಿ ಕೊಡುತ್ತಾರೆ ಎಂಬುದನ್ನು ಕಾಲೇಜುಗಳು ಮೊದಲ ವರ್ಷದಲ್ಲೇ ಹೇಳಿಕೊಟ್ಟರೆ ಎಷ್ಟೋ ಮನೆಗಳು ಉಳಿಯುತ್ತವೆ. ಕ್ರ್ಯಾಕ್ ಬಿಡಲು ಒಪ್ಪದ ಮನೆಗೆ ಯಾವ ಆಂಟಿವೈರಸ್ಸನ್ನೂ ಶಿಫಾರಸು ಮಾಡುವುದರಲ್ಲಿ ಅರ್ಥವಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಸಂಬಂಧಿಸಿದ ಒಂದು ಮಾತನ್ನೂ ಇಲ್ಲಿ ಸೇರಿಸಬೇಕು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹದಂಥ ತಂತ್ರಾಂಶಗಳು ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ನಡುವೆಯೇ ಹಿಡಿದು ಕನ್ನಡಕ್ಕೆ ತಿರುಗಿಸುತ್ತವೆ. ಒತ್ತಿದ ಕೀಲಿಗಳನ್ನು ಕದ್ದು ದಾಖಲಿಸುವ ಕೀಲಾಗರ್ ಎಂಬ ಕುತಂತ್ರಾಂಶವೂ ಇದೇ ಜಾಗದಲ್ಲಿ ಕೂತು ಕೆಲಸ ಮಾಡುವುದರಿಂದ, ವರ್ತನೆಯನ್ನು ನೋಡಿ ತೀರ್ಮಾನಿಸುವ ರಕ್ಷಣೆಗೆ ಎರಡರ ನಡುವೆ ಗೊಂದಲವಾಗಲು ಅವಕಾಶವಿದೆ. ಹಾಗೆ ಎಚ್ಚರಿಕೆ ಬಂದಾಗ ಆಂಟಿವೈರಸ್ಸನ್ನೇ ಆಫ್ ಮಾಡುವುದು ತಪ್ಪು ದಾರಿ. ತಂತ್ರಾಂಶವನ್ನು ಅದರ ಮೂಲ ತಾಣದಿಂದಲೇ ಇಳಿಸಿಕೊಂಡದ್ದೇ ಎಂದು ಖಚಿತಪಡಿಸಿಕೊಂಡು, ಆ ಒಂದಕ್ಕೆ ಮಾತ್ರ ವಿನಾಯಿತಿ ಕೊಡಬೇಕು. ಗೆಳೆಯರ ಪೆನ್ ಡ್ರೈವಿನಿಂದ ಬಂದ ಪ್ರತಿಯಾದರೆ ಎಚ್ಚರಿಕೆಯನ್ನೇ ನಂಬುವುದು ಕ್ಷೇಮ.

ಹಾಗಾದರೆ ಹಣ ಕೊಟ್ಟು ಕೊಳ್ಳಬೇಕಾದವರು ಯಾರು? ಇಂಟರ್ನೆಟ್ ಸರಿಯಿಲ್ಲದ ಊರಿನವರು, ನಾಲ್ಕಾರು ಮಂದಿ ಒಂದೇ ಯಂತ್ರದಲ್ಲಿ ಸಿಕ್ಕಿದ್ದನ್ನೆಲ್ಲ ಇಳಿಸುವ ಮನೆಯವರು, ಮಕ್ಕಳ ಬಳಕೆಯ ಸಮಯವನ್ನು ಹಿಡಿತದಲ್ಲಿಡುವ ಸೌಲಭ್ಯ ಬೇಕಾದವರು, ತೊಂದರೆ ಬಂದಾಗ ಮನೆಗೆ ಬರುವ ತಂತ್ರಜ್ಞರನ್ನು ನೆಚ್ಚಿಕೊಂಡ ಹಿರಿಯರು. ಅವರು ಕೂಡ ಒಂದು ಸಂಗತಿಯನ್ನು ಮರೆಯಬಾರದು: ಆಂಟಿವೈರಸ್ ಕಂಪ್ಯೂಟರಿನ ಪ್ರತಿ ಕಡತವನ್ನೂ ಓದಬಲ್ಲ, ಪ್ರತಿ ಜಾಲತಾಣದ ಭೇಟಿಯನ್ನೂ ಕಾಣಬಲ್ಲ ತಂತ್ರಾಂಶ, ಆದ್ದರಿಂದ ಅದರ ಆಯ್ಕೆ ನಂಬಿಕೆಯ ಪ್ರಶ್ನೆಯೂ ಹೌದು. ಉಚಿತವಾಗಿ ಕೋಟ್ಯಂತರ ಜನ ಬಳಸುತ್ತಿದ್ದ ಅವಾಸ್ಟ್, ಬಳಕೆದಾರರ ಬ್ರೌಸಿಂಗ್ ವಿವರಗಳನ್ನು ತನ್ನ ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು 2020ರ ಜನವರಿಯಲ್ಲಿ ಬೆಳಕಿಗೆ ಬಂತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದಕ್ಕೆ 1.65 ಕೋಟಿ ಡಾಲರ್ ಕಟ್ಟಲು ಹೇಳಿತು. ಮುಂಬೈ ಮೂಲದ ಇಸ್ಕ್ಯಾನ್ ಆಂಟಿವೈರಸ್ಸಿನ ಚಹರೆಯ ಪಟ್ಟಿಗಳು ಗೂಢಲಿಪಿಯ ರಕ್ಷಣೆಯಿಲ್ಲದೆ ಜಾಲದಲ್ಲಿ ಸಾಗುತ್ತಿದ್ದುದನ್ನು ಕಂಡ ದುಷ್ಕರ್ಮಿಗಳು, ದಾರಿಯ ನಡುವೆ ಅವನ್ನು ಬದಲಿಸಿ ‘ಗುಪ್ತಿಮೈನರ್’ ಎಂಬ ಕುತಂತ್ರಾಂಶವನ್ನು ಒಳಗೆ ಕಳಿಸಿದ್ದನ್ನು 2024ರ ಏಪ್ರಿಲ್‌ನಲ್ಲಿ ಅದೇ ಅವಾಸ್ಟ್‌ನ ಸಂಶೋಧಕರು ವಿವರಿಸಿದರು. ಇಸ್ಕ್ಯಾನ್ 2023ರಲ್ಲೇ ಆ ದೋಷವನ್ನು ಸರಿಪಡಿಸಿತ್ತು. ರಷ್ಯದ ಕ್ಯಾಸ್ಪರ್‌ಸ್ಕಿಯ ಮಾರಾಟವನ್ನು ಅಮೆರಿಕ 2024ರಲ್ಲಿ ನಿಷೇಧಿಸಿದ್ದು ರಾಷ್ಟ್ರೀಯ ಭದ್ರತೆಯ ಕಾರಣಕ್ಕೆ. ಪತ್ತೆಯ ಪರೀಕ್ಷೆಗಳಲ್ಲಿ ಅದು ಮೇಲಿನ ಸಾಲಿನಲ್ಲೇ ಇತ್ತು. ಇವೆಲ್ಲ ಆಂಟಿವೈರಸ್ಸೇ ಬೇಡವೆನ್ನಲು ಕಾರಣಗಳಲ್ಲ. ‘ಲೈಫ್‌ಟೈಮ್ ಫ್ರೀ’ ಎಂದು ಪರದೆಯ ಮೂಲೆಯಲ್ಲಿ ಚಿಮ್ಮುವ ಹೆಸರಿಲ್ಲದ ತಂತ್ರಾಂಶಗಳಿಂದ ದೂರವಿರಲು, ಮತ್ತು ಕೊಳ್ಳುವ ಮುನ್ನ ಆ ಕಂಪನಿ ಏನನ್ನು ಸಂಗ್ರಹಿಸುತ್ತದೆಂದು ಓದಲು ಕಾರಣಗಳು.

ಕೊಂಡವರು ಎರಡು ಆಂಟಿವೈರಸ್‌ಗಳನ್ನು ಒಂದೇ ಯಂತ್ರದಲ್ಲಿ ಓಡಿಸಬಾರದು, ಅವು ಒಂದನ್ನೊಂದು ಅಡ್ಡಗಟ್ಟಿ ಯಂತ್ರವನ್ನು ಹ್ಯಾಂಗ್ ಮಾಡುತ್ತವೆ. ಹೊರಗಿನ ಆಂಟಿವೈರಸ್ ಬಂದ ಕೂಡಲೇ ಡಿಫೆಂಡರ್ ಹಿಂದೆ ಸರಿಯುತ್ತದೆ. ಆದ್ದರಿಂದ ಪರವಾನಗಿಯ ಅವಧಿ ಮುಗಿದ ದಿನ ಅದನ್ನು ನವೀಕರಿಸಬೇಕು, ಇಲ್ಲವೇ ಪೂರ್ತಿ ತೆಗೆದುಹಾಕಿ ಡಿಫೆಂಡರ್ ಮರಳಿ ಚಾಲೂ ಆಗಿರುವುದನ್ನು ಕಣ್ಣಾರೆ ನೋಡಬೇಕು. ಎಷ್ಟೋ ಮನೆಗಳಲ್ಲಿ ಅವಧಿ ಮುಗಿದ ತಂತ್ರಾಂಶ ಮೂಲೆಯಲ್ಲಿ ಕೆಂಪು ಗುರುತು ತೋರಿಸುತ್ತ ವರ್ಷಗಟ್ಟಲೆ ಕೂತಿರುತ್ತದೆ. ಯಂತ್ರಕ್ಕೆ ಕಾವಲಿದೆ ಎಂಬ ಭ್ರಮೆಯನ್ನು ಉಳಿಸುವುದರಿಂದ ಇದು ಕಾವಲೇ ಇಲ್ಲದ ಸ್ಥಿತಿಗಿಂತ ಕೆಟ್ಟದ್ದು.

ಆಂಟಿವೈರಸ್ಸಿನಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ವಿಂಡೋಸ್‌ನ ಅಪ್‌ಡೇಟ್‌ಗಳು ಕಾಯುತ್ತವೆ. 2017ರ ಮೇ 12ರಂದು ಜಗತ್ತಿನ ಸುಮಾರು 150 ದೇಶಗಳ ಕಂಪ್ಯೂಟರುಗಳನ್ನು ಹಿಡಿದ ವಾನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ಬಳಸಿದ ಬಿರುಕನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್ 14ರಂದೇ ಮುಚ್ಚಿತ್ತು. ಎರಡು ತಿಂಗಳ ಅಂತರದಲ್ಲಿ ಅಪ್‌ಡೇಟ್ ಹಾಕಿಕೊಂಡವರು ಉಳಿದರು. ಈ ಪಾಠ ಈಗ ಮತ್ತೆ ತುರ್ತಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಹಾಗೂ ಹೊಸ ಪ್ರೊಸೆಸರ್ ಇಲ್ಲದ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ದೊರೆಯುವುದಿಲ್ಲ. ಅಂಥವರಿಗಾಗಿ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್‌ಗಳನ್ನು ಪಡೆಯುವ ವಿಸ್ತರಣಾ ಯೋಜನೆಯೊಂದನ್ನು ಕಂಪನಿ ಘೋಷಿಸಿತು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಿಂದ ಅದಕ್ಕೆ ಸೇರಬಹುದು. ಡಿಫೆಂಡರಿನ ಚಹರೆಯ ಪಟ್ಟಿ 2028ರವರೆಗೂ ವಿಂಡೋಸ್ 10ಕ್ಕೆ ಬರುತ್ತದೆಂದು ಮೈಕ್ರೋಸಾಫ್ಟ್ ಹೇಳಿದೆಯಾದರೂ, ಗೋಡೆಯ ಬಿರುಕು ತೆರೆದಿರುವಾಗ ಚಹರೆಯ ಪಟ್ಟಿಯೊಂದೇ ಸಾಲುವುದಿಲ್ಲ. ಹಳೆಯ ಯಂತ್ರವನ್ನು ಬರಹ, ಬ್ರೌಸಿಂಗ್‌ಗಳಿಗೆ ಮಾತ್ರ ಬಳಸುವವರು ಉಬುಂಟುವಿನಂಥ ಉಚಿತ ಲಿನಕ್ಸ್ ವ್ಯವಸ್ಥೆಗೆ ಹೋಗಬಹುದು. ಅದರಲ್ಲಿ ಕನ್ನಡದ ಕೀಲಿಮಣೆಯೂ ಇದೆ. ಹೊಸ ಆಂಟಿವೈರಸ್ ಕೊಳ್ಳಲು ತೆಗೆದಿಟ್ಟ ಹಣವನ್ನು ಇಂಥ ಮನೆಗಳು ಹೊರಗಿನ ಹಾರ್ಡ್ ಡಿಸ್ಕ್ ಒಂದಕ್ಕೆ ಹಾಕಿ, ವಾರಕ್ಕೊಮ್ಮೆ ಕಡತಗಳನ್ನು ಪ್ರತಿ ಮಾಡಿಕೊಂಡು, ಪ್ರತಿ ಮುಗಿದ ಮೇಲೆ ಅದರ ತಂತಿಯನ್ನು ಕಿತ್ತಿಡುವುದು ಹೆಚ್ಚು ವಿವೇಕದ ಖರ್ಚು. ತಂತಿ ಕಿತ್ತಿಡದ ಡಿಸ್ಕನ್ನು ರ್‍ಯಾನ್ಸಮ್‌ವೇರ್ ಜೊತೆಯಲ್ಲೇ ಕೊಂಡೊಯ್ಯುತ್ತದೆ.

ತಂತ್ರಾಂಶದ ಕೈಗೆ ನಿಲುಕದ ದಾಳಿಗಳೂ ಇವೆ. ‘ನೀವು ರೋಬೋಟ್ ಅಲ್ಲವೆಂದು ತೋರಿಸಿ’ ಎನ್ನುವ ಪುಟವೊಂದು ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಲು ಹೇಳಿದರೆ ಅದು ಬಳಕೆದಾರರ ಕೈಯಿಂದಲೇ ಕುತಂತ್ರಾಂಶವನ್ನು ಓಡಿಸುವ ಹೂಟ. ಯಾವ ಸಾಚಾ ತಾಣವೂ ಹಾಗೆ ಕೇಳುವುದಿಲ್ಲ. ಲುಮ್ಮಾ ಎಂಬ ಇನ್ಫೋಸ್ಟೀಲರ್ ಹರಡಿದ ದಾರಿಗಳಲ್ಲಿ ಇದೂ ಒಂದು. 2025ರ ಮಾರ್ಚ್‌ನಿಂದ ಮೇ ನಡುವಿನ ಎರಡೇ ತಿಂಗಳಲ್ಲಿ ಅದು ತಗುಲಿದ 3,94,000 ವಿಂಡೋಸ್ ಯಂತ್ರಗಳನ್ನು ಮೈಕ್ರೋಸಾಫ್ಟ್ ಗುರುತಿಸಿತ್ತು. ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ’ ಎಂದು ಫೋನ್ ಮಾಡಿ, ಯಂತ್ರವನ್ನು ದೂರದಿಂದಲೇ ನಡೆಸಲು ಬಿಡುವ ಎನಿಡೆಸ್ಕ್ ಹಾಕಿಸುವವರ ಮುಂದೆಯೂ ಆಂಟಿವೈರಸ್ ಮೌನವಾಗಿರುತ್ತದೆ, ಏಕೆಂದರೆ ಎನಿಡೆಸ್ಕ್ ಸಾಚಾ ತಂತ್ರಾಂಶವೇ. 2025ರಲ್ಲಿ ಖಾನಾಪುರ ತಾಲ್ಲೂಕಿನಲ್ಲಿ, ಅಧಿಕಾರಿಗಳ ಸೋಗಿನಲ್ಲಿ ಫೋನಿನಿಂದ ಬೆದರಿಸಿ ಹಣ ಸುಲಿದವರ ಕಾಟದಿಂದ ವೃದ್ಧ ದಂಪತಿ ಪ್ರಾಣ ಕಳೆದುಕೊಂಡ ದುರಂತ ಇಡೀ ಜಿಲ್ಲೆಯನ್ನು ಕಲಕಿತು. ಅಲ್ಲಿ ಯಾವ ವೈರಸ್ಸೂ ಬೇಕಾಗಿರಲಿಲ್ಲ. ಇಂಥವರು ಫೋನಿನಲ್ಲೇ ಬಂಧಿಸಿರುವುದಾಗಿ ನಂಬಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ ಎಂಬ ಒಂದು ವಾಕ್ಯವನ್ನು ಮನೆಯ ಹಿರಿಯರಿಗೆ ತಿಳಿಸಿ ಹೇಳುವುದು, ಮನೆಯ ಕಂಪ್ಯೂಟರಿಗೆ ತಂತ್ರಾಂಶ ಹಾಕಿಕೊಡುವ ಮಕ್ಕಳದೇ ಹೊಣೆ.

ಯಂತ್ರಕ್ಕೆ ಸೋಂಕು ತಗುಲಿದೆಯೆಂಬ ಅನುಮಾನ ಬಂದಾಗ ಮೊದಲು ಇಂಟರ್ನೆಟ್ ತಂತಿಯನ್ನೋ ವೈಫೈಯನ್ನೋ ಕಡಿದು, ಬೇರೊಂದು ಯಂತ್ರದಿಂದ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬದಲಿಸಬೇಕು. ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆ 2017ರ ಫೆಬ್ರುವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರ ಕುತಂತ್ರಾಂಶವನ್ನು ಹುಡುಕಿ ತೆಗೆಯುವ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ಇವು ಸೋಂಕು ತೊಳೆಯಲು ಮಾತ್ರ, ನಿತ್ಯದ ಕಾವಲಿಗಲ್ಲ. ಯುರೋಪೋಲ್ ಮತ್ತು ಡಚ್ ಪೊಲೀಸರು 2016ರಲ್ಲಿ ಭದ್ರತಾ ಕಂಪನಿಗಳ ಜೊತೆ ಸೇರಿ ಕಟ್ಟಿದ ‘ನೋ ಮೋರ್ ರ್‍ಯಾನ್ಸಮ್’ ತಾಣದಲ್ಲಿ ಹಲವು ರ್‍ಯಾನ್ಸಮ್‌ವೇರ್‌ಗಳ ಬೀಗ ತೆಗೆಯುವ ಸಾಧನಗಳಿವೆ, ಡಿಜೆವಿಯುವಿನ ಹಳೆಯ ಅನೇಕ ತಳಿಗಳದ್ದೂ ಸೇರಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು, ಏಕೆಂದರೆ ಹಣ ಮುಂದಿನ ಖಾತೆಗೆ ಜಾರುವ ಮುನ್ನ ತಡೆಯಲು ಸಿಗುವ ಹೊತ್ತು ಬಹಳ ಕಡಿಮೆ. ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೋ ಬೆಳಗಾವಿಯ ಸಿಇಎನ್ ಪೊಲೀಸ್ ಠಾಣೆಯಲ್ಲೋ ದಾಖಲಿಸಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ಪ್ರಕಾರ ಇನ್ನೊಬ್ಬರ ಕಂಪ್ಯೂಟರಿಗೆ ಕೆಟ್ಟ ಉದ್ದೇಶದಿಂದ ವೈರಸ್ ಸೇರಿಸುವುದು ಮೂರು ವರ್ಷಗಳವರೆಗಿನ ಸೆರೆ ಅಥವಾ ಐದು ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ. ಇಷ್ಟೆಲ್ಲ ಆಗುವವರೆಗೆ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸಬಾರದು. ಅಂಗಡಿಯಲ್ಲಿ ಅರ್ಧ ದಿನದಲ್ಲಿ ಎಲ್ಲವನ್ನೂ ಅಳಿಸಿ ಹೊಸ ವಿಂಡೋಸ್ ಹಾಕಿಕೊಡುತ್ತಾರೆ ನಿಜ. ಆದರೆ ಬೀಗ ಬಿದ್ದ ಕಡತಗಳನ್ನು ಒಂದು ಡಿಸ್ಕಿಗೆ ಹಾಗೆಯೇ ಪ್ರತಿ ಮಾಡಿ ಎತ್ತಿಟ್ಟುಕೊಂಡವರಿಗೆ, ಆ ತಳಿಯ ಬೀಗದ ಕೈ ಮುಂದೊಮ್ಮೆ ಪೊಲೀಸರಿಗೋ ಸಂಶೋಧಕರಿಗೋ ಸಿಕ್ಕಾಗ, ಅವನ್ನು ಮರಳಿ ತೆರೆಯುವ ಅವಕಾಶ ಉಳಿದಿರುತ್ತದೆ.